ರೈಲು ದೋಣಿ ಹತ್ತುವ ಊರು: ಬ್ರೂಕ್ಲಿನ್‌ನ ಪುಟ್ಟ ಗೂಡ್ಸ್ ರೈಲ್ವೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯಲ್ಲಾಗಲಿ, ಫೋನಿನಲ್ಲಾಗಲಿ, ಬರೀ ಶಂಟಿಂಗ್ ಮಾಡುವ, ವ್ಯಾಗನ್‌ಗಳನ್ನು ದೋಣಿಯಲ್ಲಿ ದಾಟಿಸುವ ನ್ಯೂಯಾರ್ಕಿನ ಈ ಪುಟ್ಟ ರೈಲಿನ ವಿಷಯ ಎತ್ತಿದರೆ ಸಾಕು, ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥವು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಸಲ ಕೇಳುವವರಿಗೆ

ಬರೀ ಶಂಟಿಂಗ್ ಮಾಡೋಕೆ ಒಂದು ರೈಲ್ವೆ ಕಂಪನೀನಾ? ಅದೇನದು?

ಹೌದು, ಅದಕ್ಕೇ ಒಂದು ಕಂಪನಿ. ನಮ್ಮಲ್ಲಿ ಗೂಡ್ಸ್ ಗಾಡಿ ಯಾರ್ಡಿಗೆ ಬಂದರೆ ಅದೇ ರೈಲ್ವೆಯ ಶಂಟಿಂಗ್ ಎಂಜಿನ್ ವ್ಯಾಗನ್‌ಗಳನ್ನು ಬಿಡಿಸಿ ಗೂಡ್ಸ್ ಶೆಡ್ಡಿಗೋ ಫ್ಯಾಕ್ಟರಿ ಸೈಡಿಂಗಿಗೋ ತಳ್ಳುತ್ತದೆ. ಅಮೆರಿಕದಲ್ಲಿ ಗೂಡ್ಸ್ ರೈಲು ಕಂಪನಿಗಳು ಹೆಚ್ಚಾಗಿ ಖಾಸಗಿ. ಒಂದೇ ಊರಿಗೆ ಆರೇಳು ಕಂಪನಿಗಳ ವ್ಯಾಗನ್ ಬರುತ್ತಿದ್ದವು. ಊರೊಳಗಿನ ಒಂದೊಂದು ಗೋದಾಮಿಗೂ, ಕಾರ್ಖಾನೆಗೂ, ಹಡಗುಕಟ್ಟೆಗೂ ಪ್ರತಿಯೊಂದು ಕಂಪನಿ ಬೇರೆ ಬೇರೆ ಹಳಿ ಹಾಕುವುದು ಆಗುವ ಮಾತಲ್ಲ. ಅದಕ್ಕೇ ನಡುವೆ ಒಂದು ಸಣ್ಣ ಕಂಪನಿ ಹುಟ್ಟುತ್ತಿತ್ತು. ಅದಕ್ಕೆ ಪ್ಯಾಸೆಂಜರ್ ಗಾಡಿ ಇಲ್ಲ, ದೂರದ ಊರು ಇಲ್ಲ. ಕೆಲವೇ ಮೈಲಿ ಹಳಿ, ಬೆರಳೆಣಿಕೆಯ ಎಂಜಿನ್. ದೊಡ್ಡ ಕಂಪನಿ ಸಾವಿರ ಮೈಲಿ ತಂದ ಸಾಮಾನನ್ನು ಕೊನೆಯ ಒಂದು ಮೈಲಿ ದಾಟಿಸಿ, ವ್ಯಾಗನ್‌ಗೆ ಇಷ್ಟು ಅಂತ ದುಡ್ಡು ಎಣಿಸಿಕೊಳ್ಳುವುದೇ ಅದರ ಕಸುಬು.

ನಾನು ಹೇಳುತ್ತಿರುವುದು ನ್ಯೂಯಾರ್ಕಿನ ಬ್ರೂಕ್ಲಿನ್ ದಡದಲ್ಲಿ, ಬುಷ್ ಟರ್ಮಿನಲ್ ಅನ್ನುವ ಜಾಗದಲ್ಲಿ ಹುಟ್ಟಿದ ಇಂಥದೊಂದು ರೈಲ್ವೆಯ ಕಥೆ. ಹೆಸರು ಬದಲಾಗುತ್ತಾ ಬಂದು ಈಗ ಅದು ನ್ಯೂಯಾರ್ಕ್ ನ್ಯೂಜೆರ್ಸಿ ರೈಲ್ ಆಗಿದೆ.

ರೈಲನ್ನ ದೋಣಿ ಮೇಲೆ ಹತ್ತಿಸ್ತಾರೆ ಅಂತೀರಲ್ಲ, ನಿಜವಾಗ್ಲೂನಾ?

ನಿಜವಾಗ್ಲೂ, ಈಗಲೂ. ಉದ್ದನೆಯ ಚಪ್ಪಟೆ ಬಾರ್ಜ್, ಅದರ ಮೇಲೆ ಹಳಿ. ವ್ಯಾಗನ್‌ಗಳನ್ನು ಅದರ ಮೇಲೆ ತಳ್ಳಿ, ಗಾಲಿ ಕಟ್ಟಿ, ಟಗ್ ಬೋಟ್ ಪಕ್ಕಕ್ಕೆ ಹಚ್ಚಿ ಬಂದರನ್ನು ದಾಟಿಸುತ್ತಾರೆ. ಅಲ್ಲಿನವರು ಇದಕ್ಕೆ ಕಾರ್ ಫ್ಲೋಟ್ ಅನ್ನುತ್ತಾರೆ. ಕಾರ್ ಅಂದರೆ ನಾವು ಓಡಿಸುವ ಕಾರಲ್ಲ, ರೈಲಿನ ವ್ಯಾಗನ್.

ಪಶ್ಚಿಮ ದಡದಲ್ಲಿ ನ್ಯೂಜೆರ್ಸಿ ರಾಜ್ಯದ ಜರ್ಸಿ ಸಿಟಿಯ ಗ್ರೀನ್‌ವಿಲ್ ಯಾರ್ಡ್, ಪೂರ್ವ ದಡದಲ್ಲಿ ಬ್ರೂಕ್ಲಿನ್. ನಡುವೆ ಸುಮಾರು 5 ಕಿಲೋಮೀಟರ್ ನೀರು, ಮುಕ್ಕಾಲು ಗಂಟೆಯ ದಾರಿ. ಬಂದರಿನಲ್ಲಿ ಒಂದು ಕಾಲಕ್ಕೆ ಇಂಥ ಬಾರ್ಜ್‌ಗಳು 300ಕ್ಕೂ ಹೆಚ್ಚಿದ್ದವು. ಇವತ್ತು ಈ ಒಂದು ರೈಲ್ವೆಯವು ಮಾತ್ರ ಉಳಿದಿವೆ.

ಒಂದು ಸೇತುವೆ ಕಟ್ಟಿಬಿಟ್ಟಿದ್ರೆ ಮುಗೀತಿತ್ತಲ್ವಾ? ಅಮೆರಿಕದವರಿಗೆ ಅಷ್ಟು ಹೊಳೀಲಿಲ್ವಾ?

ನಕ್ಷೆ ತೆಗೆದು ನೋಡಿ. ನ್ಯೂಯಾರ್ಕ್ ನಗರದ ಐದು ಭಾಗಗಳಲ್ಲಿ ಬ್ರಾಂಕ್ಸ್ ಒಂದೇ ಮುಖ್ಯ ನೆಲಕ್ಕೆ ಅಂಟಿಕೊಂಡಿರುವುದು. ಮ್ಯಾನ್‌ಹಟನ್ ದ್ವೀಪ, ಸ್ಟೇಟನ್ ಐಲೆಂಡ್ ಹೆಸರೇ ಹೇಳುವಂತೆ ದ್ವೀಪ. ಬ್ರೂಕ್ಲಿನ್, ಕ್ವೀನ್ಸ್ ಎರಡೂ ಲಾಂಗ್ ಐಲೆಂಡ್ ಅನ್ನುವ ದ್ವೀಪದ ತುದಿಯಲ್ಲಿವೆ. ಪಶ್ಚಿಮದಿಂದ ಬರುವ ರೈಲುಗಳೆಲ್ಲ ಹಡ್ಸನ್ ನದಿಯ ಆಚೆ ದಡದಲ್ಲೇ ನಿಂತುಬಿಡುತ್ತಿದ್ದವು. ನದಿ ಅಲ್ಲಿ ಹೆಚ್ಚುಕಡಿಮೆ ಒಂದು ಮೈಲಿ ಅಗಲ. ಅದರಲ್ಲಿ ದೊಡ್ಡ ಹಡಗುಗಳ ಓಡಾಟ. ಹಡಗು ಅಡಿಯಲ್ಲಿ ಹಾಯಬೇಕಾದರೆ ಸೇತುವೆ ತೀರಾ ಎತ್ತರ ಬೇಕು. ಅಷ್ಟು ಎತ್ತರಕ್ಕೆ ಗೂಡ್ಸ್ ಗಾಡಿ ಹತ್ತಬೇಕಾದರೆ ಮೈಲಿಗಟ್ಟಲೆ ಇಳಿಜಾರು ಬೇಕು. ಮ್ಯಾನ್‌ಹಟನ್‌ನಲ್ಲಿ ಅಷ್ಟು ಜಾಗ ಯಾರ ಹತ್ತಿರ ಇತ್ತು?

ಪೆನ್ಸಿಲ್ವೇನಿಯಾ ರೈಲ್‌ರೋಡ್ 1910ರಲ್ಲಿ ಹಡ್ಸನ್ ಅಡಿಯಲ್ಲಿ ಸುರಂಗ ತೆರೆದದ್ದು ಪ್ಯಾಸೆಂಜರ್ ಗಾಡಿಗಳಿಗೆ. 1931ರ ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲೆ ಓಡುವುದು ಮೋಟಾರು ವಾಹನ. 1964ರಲ್ಲಿ ಬಂದರಿನ ಬಾಯಿಗೇ ಅಡ್ಡವಾಗಿ ವೆರಜಾನೋ ಸೇತುವೆ ಬಂತು, ಅದರ ಮೇಲೆ ಒಂದು ಹಳಿಯೂ ಇಲ್ಲ. ಮನುಷ್ಯರಿಗೆ ದಾರಿ ಆಯಿತು, ಲಾರಿಗೂ ಆಯಿತು. ವ್ಯಾಗನ್‌ಗೆ ಮಾತ್ರ ಇಲ್ಲಿ ನೀರು ದಾಟಲು ಇವತ್ತಿಗೂ ದೋಣಿಯೇ ಗತಿ.

## ಕಥೆ ಕೇಳುವವರಿಗೆ

ಇದನ್ನ ಶುರು ಮಾಡಿದ ಪುಣ್ಯಾತ್ಮ ಯಾರು?

ಇರ್ವಿಂಗ್ ಟಿ. ಬುಷ್. 1869ರಲ್ಲಿ ಹುಟ್ಟಿದವನು. ಅಪ್ಪನಿಗೆ ಬ್ರೂಕ್ಲಿನ್ ದಡದಲ್ಲಿ ಎಣ್ಣೆ ಶುದ್ಧೀಕರಣದ ಕಾರ್ಖಾನೆ ಇತ್ತು. ಅದನ್ನು ಸ್ಟ್ಯಾಂಡರ್ಡ್ ಆಯಿಲ್ ಕೊಂಡುಕೊಂಡಿತು. ಕೈಯಲ್ಲಿ ದುಡ್ಡಿತ್ತು, ನೀರಂಚಿನಲ್ಲಿ ಜಾಗವೂ ಇತ್ತು. 1895ರಲ್ಲಿ ಅಲ್ಲಿ ಆರು ಗೋದಾಮು, ಒಂದು ಹಡಗುಕಟ್ಟೆ ಇಟ್ಟುಕೊಂಡು ವ್ಯಾಪಾರ ಶುರು ಮಾಡಿದ.

ಅವನ ಲೆಕ್ಕ ಸರಳ. ಆಗ ನ್ಯೂಯಾರ್ಕಿನಲ್ಲಿ ಹಡಗು ಒಂದು ಕಡೆ, ಗೋದಾಮು ಇನ್ನೊಂದು ಕಡೆ, ಕಾರ್ಖಾನೆ ಮತ್ತೊಂದು ಕಡೆ. ಒಂದೇ ಮೂಟೆಯನ್ನು ನಾಲ್ಕು ಸಲ ಕುದುರೆ ಗಾಡಿಗೆ ಏರಿಸಿ ಇಳಿಸಬೇಕು. ಹಡಗು, ಗೋದಾಮು, ಕಾರ್ಖಾನೆ, ರೈಲು ನಾಲ್ಕೂ ಒಂದೇ ಅಂಗಳದಲ್ಲಿದ್ದರೆ ಗಾಡಿ ಬಾಡಿಗೆ ಉಳಿಯಿತಲ್ಲ? ಜನ ನಕ್ಕರು. 'ಬುಷ್‌ನ ಹುಚ್ಚು' ಅಂತ ಹೆಸರಿಟ್ಟರು. ರೈಲು ಕಂಪನಿಗಳೂ ಅಷ್ಟೇ. ನಿನ್ನ ಕಟ್ಟೆಗೆ ವ್ಯಾಗನ್ ಕಳಿಸಲು ಅಲ್ಲಿ ಗಿರಾಕಿ ಎಲ್ಲಿದ್ದಾರೆ ಅಂದವು.

ಆಗ ಬುಷ್ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಮಿಚಿಗನ್ನಿಗೆ ಒಬ್ಬ ಏಜೆಂಟನನ್ನು ಕಳಿಸಿ 100 ವ್ಯಾಗನ್ ಒಣಹುಲ್ಲು ಕೊಂಡ. ರೈಲು ಕಂಪನಿಗಳ ಮುಂದೆ ನಿಂತು, ಈ ಹುಲ್ಲು ಬ್ರೂಕ್ಲಿನ್‌ನ ಬುಷ್ ಟರ್ಮಿನಲ್‌ಗೆ ಮುಟ್ಟಬೇಕು, ಯಾರು ಒಯ್ಯುತ್ತೀರಿ ಅಂತ ಕೇಳಿಸಿದ. ಒಂದೊಂದಾಗಿ ಕಂಪನಿಗಳು ಒಲ್ಲೆ ಅಂದವು. ಕೊನೆಗೆ ಬಾಲ್ಟಿಮೋರ್ ಅಂಡ್ ಓಹಾಯೋ ಒಪ್ಪಿತು. 100 ವ್ಯಾಗನ್ ಬಾಡಿಗೆ ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಒಂದು ಕಂಪನಿ ಬಂದ ಮೇಲೆ ಉಳಿದವೂ ಬಂದವು. ಗಿರಾಕಿ ಇಲ್ಲ ಅಂದದ್ದಕ್ಕೆ ತಾನೇ ಗಿರಾಕಿಯಾದ, ಅಷ್ಟೇ. ನಗರದ ತುಂಬ ಕುದುರೆಗಳಿದ್ದ ಕಾಲ ಬೇರೆ, ಹುಲ್ಲಿಗೆ ಬೆಲೆಯೂ ಇತ್ತು.

ಹಡಗು ಕಂಪನಿಗಳು ಮುನಿಸಿಕೊಂಡಾಗ ಅದೇ ಮದ್ದು. ಹಡಗು ಬಾಡಿಗೆಗೆ ಹಿಡಿದು ತಾನೇ ಬಾಳೆಹಣ್ಣಿನ ವ್ಯಾಪಾರಕ್ಕೆ ಇಳಿದ. ಗೋದಾಮು ತುಂಬಲಿಲ್ಲ ಅಂದಾಗ ಕಾಫಿ, ಹತ್ತಿ ತಂದು ತುಂಬಿಸಿದ. ಮುಂದೆ ಆ ಆರು ಗೋದಾಮು ಸುಮಾರು 200 ಎಕರೆಯ ಊರಾಗಿ ಬೆಳೆಯಿತು. ಅದಕ್ಕೆ ಅದರದೇ ಪವರ್ ಹೌಸ್, ಅದರದೇ ರೈಲು. ಲಂಡನ್ನಿನ ಬುಷ್ ಹೌಸ್ ಕೂಡ ಇದೇ ಮನುಷ್ಯ ಕಟ್ಟಿಸಿದ್ದು. ಬಿಬಿಸಿ ವರ್ಲ್ಡ್ ಸರ್ವಿಸ್ 2012ರವರೆಗೆ ಮಾತಾಡುತ್ತಿದ್ದದ್ದು ಅಲ್ಲಿಂದಲೇ. ನಮ್ಮ ಅಜ್ಜಂದಿರು ರೇಡಿಯೊ ಕಿವಿ ತಿರುಚಿ ಕೇಳುತ್ತಿದ್ದ ಸುದ್ದಿಯ ಮನೆಗೆ ಹೆಸರು ಕೊಟ್ಟವನು ಈ ಹುಲ್ಲಿನ ವ್ಯಾಪಾರಿ.

ದೋಣಿ ಖರ್ಚು ಯಾರು ಕೊಡ್ತಿದ್ರು? ಗಿರಾಕಿನಾ, ರೈಲು ಕಂಪನಿನಾ?

ಒಳ್ಳೆಯ ಪ್ರಶ್ನೆ. ಈ ಇಡೀ ವ್ಯವಹಾರದ ಗುಟ್ಟೇ ಇಲ್ಲಿದೆ. ರೈಲು ಕಂಪನಿಗಳು ನ್ಯೂಯಾರ್ಕ್ ಬಂದರಿಗೆ ಒಂದೇ ದರ ಇಟ್ಟಿದ್ದವು. ಶಿಕಾಗೋದಿಂದ ಬಂದ ವ್ಯಾಗನ್ ಜರ್ಸಿ ದಡದಲ್ಲೇ ನಿಂತರೂ ಅಷ್ಟೇ ಬಾಡಿಗೆ, ನೀರು ದಾಟಿ ಬ್ರೂಕ್ಲಿನ್‌ಗೆ ಹೋದರೂ ಅಷ್ಟೇ ಬಾಡಿಗೆ. ದೋಣಿಯ ಖರ್ಚು ಕಂಪನಿಯ ತಲೆಯ ಮೇಲೆ. ಕಂಪನಿಗಳ ನಡುವೆ ಅಷ್ಟು ಪೈಪೋಟಿ ಇತ್ತು.

ಇದು ನ್ಯೂಜೆರ್ಸಿಯವರಿಗೆ ಉರಿ ಹತ್ತಿಸಿತು. ರೈಲು ಬಂದು ನಿಲ್ಲುವುದು ನಮ್ಮ ನೆಲದಲ್ಲಿ, ನಮಗೆ ಯಾಕೆ ಕಡಿಮೆ ದರ ಇಲ್ಲ, ಇದ್ದಿದ್ದರೆ ಕಾರ್ಖಾನೆ ಹಡಗು ಎಲ್ಲ ನಮ್ಮ ಕಡೆ ಬರುತ್ತಿರಲಿಲ್ಲವಾ ಅಂತ ಕೇಂದ್ರದ ವಾಣಿಜ್ಯ ಆಯೋಗದ ಮುಂದೆ ದೂರು ಹಾಕಿದರು. 1917ರಲ್ಲಿ ಆಯೋಗ ಅದನ್ನು ಒಪ್ಪಲಿಲ್ಲ. ಬಂದರು ಒಂದೇ, ಎರಡು ರಾಜ್ಯವೂ ಕೂಡಿ ಬಾಳಿ ಅಂತ ಬುದ್ಧಿ ಹೇಳಿತು. ಆ ಜಗಳದ ಕೂಸೇ 1921ರ ಏಪ್ರಿಲ್ 30ರಂದು ಹುಟ್ಟಿದ ಪೋರ್ಟ್ ಅಥಾರಿಟಿ, ಎರಡೂ ರಾಜ್ಯಗಳ ಜಂಟಿ ಬಂದರು ಸಂಸ್ಥೆ. ವಿಮಾನ ನಿಲ್ದಾಣ, ಸೇತುವೆಗಳಿಂದ ಈಗ ಹೆಸರಾದ ಆ ಸಂಸ್ಥೆ ಮೊದಲು ಹುಟ್ಟಿದ್ದು ಗೂಡ್ಸ್ ವ್ಯಾಗನ್ ಜಗಳದಿಂದ.

ಬ್ರೂಕ್ಲಿನ್‌ನಲ್ಲಿ ಇಂಥದ್ದು ಇದೊಂದೇ ಇತ್ತಾ?

ಅಯ್ಯೋ ಇಲ್ಲ. ದಡದುದ್ದಕ್ಕೂ ಮಣಿ ಪೋಣಿಸಿದ ಹಾಗೆ ಇದ್ದವು. ಉತ್ತರದಲ್ಲಿ, ವಿಲಿಯಮ್ಸ್‌ಬರ್ಗ್‌ನ ಸಕ್ಕರೆ ಕಾರ್ಖಾನೆಯ ಮಗ್ಗುಲಲ್ಲಿ ಬ್ರೂಕ್ಲಿನ್ ಈಸ್ಟರ್ನ್ ಡಿಸ್ಟ್ರಿಕ್ಟ್ ಟರ್ಮಿನಲ್. ಅದರ ಕೆಳಗೆ ಜೇ ಸ್ಟ್ರೀಟ್ ರೈಲು. ಅದು ಆರ್ಬಕಲ್ ಅನ್ನುವ ಕಾಫಿ ವ್ಯಾಪಾರಿಗಳದ್ದು, 1959ರವರೆಗೆ ಓಡಿತು. ಇನ್ನೂ ಕೆಳಗೆ ನ್ಯೂಯಾರ್ಕ್ ಡಾಕ್ ರೈಲ್ವೆ. ಆಮೇಲೆ ಬುಷ್. ಕಾಫಿ ಹುರಿದು ಮಾರುವವನಿಗೂ ಸ್ವಂತ ರೈಲು ಅಂದರೆ ನಮ್ಮ ಚಿಕ್ಕಮಗಳೂರಿನವರಿಗೂ ಹೊಟ್ಟೆಕಿಚ್ಚಾಗಬೇಕು.

ವಿಲಿಯಮ್ಸ್‌ಬರ್ಗ್‌ನ ರೈಲಿನ ವಿಶೇಷ ಏನಂದರೆ, ಅದರ ಹಳಿ ಬೇರೆ ಯಾವ ರೈಲ್ವೆಯ ಹಳಿಗೂ ಕೂಡುತ್ತಿರಲಿಲ್ಲ. ಒಳಗೆ ಬರುವ ವ್ಯಾಗನ್ ನೀರಿನಿಂದಲೇ ಬರಬೇಕು, ನೀರಿನಿಂದಲೇ ಹೋಗಬೇಕು. ಅಮೆರಿಕದ ಬೇರೆಲ್ಲ ಕಡೆ ಉಗಿ ಎಂಜಿನ್ ಮೂಲೆ ಸೇರಿದ ಮೇಲೂ ಇವರು ನೀರಿನ ತೊಟ್ಟಿಯನ್ನು ಮೈಮೇಲೇ ಹೊತ್ತ ಸಣ್ಣ ಟ್ಯಾಂಕ್ ಎಂಜಿನ್‌ಗಳನ್ನು 1963ರವರೆಗೆ ಓಡಿಸಿದರು. ಅವುಗಳಲ್ಲಿ 15ನೇ ನಂಬರಿನದಕ್ಕೆ ಎಂಥ ಯೋಗ ನೋಡಿ. 1917ರಲ್ಲಿ ಹುಟ್ಟಿ, ಬ್ರೂಕ್ಲಿನ್ ಬೀದಿಯ ಮಸಿ ತಿಂದು, ಕೊನೆಗೆ ಪೆನ್ಸಿಲ್ವೇನಿಯಾದ ಸ್ಟ್ರಾಸ್‌ಬರ್ಗ್ ರೈಲಿಗೆ ಸೇರಿತು. ಅಲ್ಲಿ ಅದಕ್ಕೆ ನೀಲಿ ಬಣ್ಣ ಬಳಿದು, ಮುಂದೆ ನಗುಮುಖ ಅಂಟಿಸಿ, ಮಕ್ಕಳ ಥಾಮಸ್ ಎಂಜಿನ್ ಮಾಡಿಬಿಟ್ಟರು. ಮಕ್ಕಳನ್ನು ಕೂರಿಸಿಕೊಂಡು ಓಡಾಡುತ್ತದೆ.

ಯುದ್ಧದ ಕಾಲದಲ್ಲಿ ಇದರ ಪಾತ್ರ ಏನಾದ್ರೂ ಇತ್ತಾ?

ಜಾಸ್ತಿಯೇ ಇತ್ತು. ಮೊದಲ ಮಹಾಯುದ್ಧದಲ್ಲಿ ಸರ್ಕಾರ ಬುಷ್ ಟರ್ಮಿನಲ್‌ನ ಕಟ್ಟೆ, ಗೋದಾಮುಗಳನ್ನು ವಶಕ್ಕೆ ತೆಗೆದುಕೊಂಡಿತು. ಅದೂ ಸಾಲದೆ ಪಕ್ಕದಲ್ಲೇ ಸೇನೆಗೆ ಅಂತ ಬ್ರೂಕ್ಲಿನ್ ಆರ್ಮಿ ಟರ್ಮಿನಲ್ ಕಟ್ಟಿಸಿತು. ವಿನ್ಯಾಸ ನ್ಯೂಯಾರ್ಕಿನ ಗಗನಚುಂಬಿ ವುಲ್‌ವರ್ತ್ ಕಟ್ಟಡವನ್ನು ರೂಪಿಸಿದ ಕ್ಯಾಸ್ ಗಿಲ್ಬರ್ಟ್ ಅವರದ್ದು. 1919ರಲ್ಲಿ ಮುಗಿಯುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಎರಡನೇ ಯುದ್ಧಕ್ಕೆ ಚೆನ್ನಾಗಿ ಬಳಕೆಯಾಯಿತು.

ಅದರ 'ಬಿ' ಕಟ್ಟಡದ ಒಳಗೆ ನಿಂತರೆ ರೈಲು ಅಂದರೆ ಏನು ಅಂತ ಗೊತ್ತಾಗುತ್ತದೆ. ಕಟ್ಟಡದ ಹೊಟ್ಟೆಯನ್ನೇ ಉದ್ದಕ್ಕೂ ಖಾಲಿ ಬಿಟ್ಟು, ನೆಲದಲ್ಲಿ ಹಳಿ ಹಾಕಿದ್ದಾರೆ. ಎರಡೂ ಬದಿಯ ಗೋಡೆಯಿಂದ ಕಾಂಕ್ರೀಟ್ ಬಾಲ್ಕನಿಗಳು ಚಾಚಿಕೊಂಡಿವೆ, ಒಂದರ ನೆತ್ತಿಗೆ ಒಂದು ಬರದ ಹಾಗೆ ಓರೆಯಾಗಿ. ಗಾಡಿ ಕಟ್ಟಡದೊಳಗೇ ಬಂದು ನಿಲ್ಲುತ್ತಿತ್ತು. ಮೇಲಿನ ಕ್ರೇನ್ ವ್ಯಾಗನ್ನಿನಿಂದ ಸಾಮಾನು ಎತ್ತಿ ಬೇಕಾದ ಮಹಡಿಯ ಬಾಲ್ಕನಿಗೆ ನೇರ ಇಳಿಸುತ್ತಿತ್ತು. ಸಿಪಾಯಿಯಾಗಿದ್ದ ಹಾಡುಗಾರ ಎಲ್ವಿಸ್ ಪ್ರೀಸ್ಲಿ 1958ರಲ್ಲಿ ಜರ್ಮನಿಗೆ ಹಡಗು ಹತ್ತಿದ್ದೂ ಇಲ್ಲಿಂದಲೇ.

1956ರಲ್ಲಿ ಅಲ್ಲೇನೋ ದೊಡ್ಡ ಸ್ಫೋಟ ಆಯ್ತಂತೆ?

ಆಯಿತು. ಡಿಸೆಂಬರ್ 3ರ ಮಧ್ಯಾಹ್ನ, 35ನೇ ಬೀದಿಯ ಹಡಗುಕಟ್ಟೆಯಲ್ಲಿ ಕಬ್ಬಿಣ ಕತ್ತರಿಸುವ ಗ್ಯಾಸಿನ ಕಿಡಿಯಿಂದ ರಬ್ಬರ್ ಚೂರಿಗೆ ಬೆಂಕಿ ಹತ್ತಿತು. ಅದೇ ಕಟ್ಟೆಯಲ್ಲಿ ಸಿಡಿಮದ್ದಿನ ಬತ್ತಿಯ ದಾಸ್ತಾನೂ ಇತ್ತು. 10 ಜನ ಸತ್ತರು, ಇನ್ನೂರಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಬೆಂಕಿ ಮತ್ತು ಮದ್ದು ಒಂದೇ ಮಾಡಿನ ಕೆಳಗೆ ಇರಬಾರದು ಅನ್ನುವುದು ನಮ್ಮ ಪಟಾಕಿ ಅಂಗಡಿಯವರಿಗೂ ಗೊತ್ತು.

ಇಷ್ಟು ದೊಡ್ಡ ವ್ಯವಹಾರ ಮುಳುಗಿದ್ದು ಯಾಕೆ? ಲಾರಿಯಿಂದಾನಾ?

ಲಾರಿ ಅರ್ಧ ಉತ್ತರ. 1927ರ ಹಾಲಂಡ್ ಸುರಂಗ, 1931ರ ವಾಷಿಂಗ್ಟನ್ ಸೇತುವೆ, ಆಮೇಲೆ ಹೆದ್ದಾರಿಗಳು, ಒಂದೊಂದೂ ವ್ಯಾಗನ್ನಿನ ಒಂದಿಷ್ಟು ಹೊರೆಯನ್ನು ಕಿತ್ತುಕೊಂಡವು.

ಉಳಿದರ್ಧ ಕಂಟೇನರ್. 1956ರ ಏಪ್ರಿಲ್ 26ರಂದು ನ್ಯೂಜೆರ್ಸಿಯ ನ್ಯೂವಾರ್ಕ್ ಬಂದರಿನಿಂದ ಐಡಿಯಲ್ ಎಕ್ಸ್ ಅನ್ನುವ ಹಡಗು 58 ಕಂಟೇನರ್ ಹೊತ್ತು ಹೂಸ್ಟನ್ನಿಗೆ ಹೊರಟಿತು. ಕಂಟೇನರಿಗೆ ಬೇಕಾದದ್ದು ಬಯಲಿನಂಥ ವಿಶಾಲ ಜಾಗ. ಬ್ರೂಕ್ಲಿನ್‌ನಲ್ಲಿ ಇದ್ದದ್ದು ಆರು ಮಹಡಿಯ ಗೋದಾಮು, ಇಕ್ಕಟ್ಟಿನ ಬೀದಿ. ಬಯಲು ಇದ್ದದ್ದು ಜರ್ಸಿಯಲ್ಲಿ. ಹಡಗುಗಳು ಅಲ್ಲಿಗೆ ಹೋದವು. 1917ರಲ್ಲಿ ಆಯೋಗದ ಮುಂದೆ ಸೋತ ನ್ಯೂಜೆರ್ಸಿ ನಲವತ್ತು ವರ್ಷದ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆಯಿಂದ ಗೆದ್ದಿತು.

ಕಾರ್ಖಾನೆಗಳೂ ಊರು ಬಿಟ್ಟವು. ದೋಣಿ ಖರ್ಚು ಹೊರುತ್ತಿದ್ದ ದೊಡ್ಡ ರೈಲು ಕಂಪನಿಗಳೇ ಬಡವಾದವು. ಅವುಗಳಲ್ಲಿ ಒಂದಾದ ಪೆನ್ ಸೆಂಟ್ರಲ್ 1970ರ ಜೂನ್‌ನಲ್ಲಿ ದಿವಾಳಿ ಎದ್ದಿತು. ಹೊಟ್ಟೆಗೇ ಇಲ್ಲದವನು ದೋಣಿಗೆ ಎಲ್ಲಿಂದ ದುಡ್ಡು ಹಾಕುತ್ತಾನೆ?

## ಒಳಗೆ ಇಳಿಯುವವರಿಗೆ

ಬುಷ್, ಡಾಕ್, ಕ್ರಾಸ್ ಹಾರ್ಬರ್ ಅಂತ ಹೆಸರು ಬದಲಾಗ್ತಾನೇ ಇರುತ್ತೆ. ಒಂದ್ಸಲ ಸರಿಯಾಗಿ ಹೇಳಿ.

ನಮ್ಮ ಕೂಡು ಕುಟುಂಬದ ಆಸ್ತಿ ಪಹಣಿ ಇದ್ದ ಹಾಗೆ ಇದು. ಬುಷ್ ಟರ್ಮಿನಲ್ ರೈಲು 1971ರಲ್ಲಿ ನಿಂತಿತು. ಅದರ ಕೆಲಸವನ್ನು ನ್ಯೂಯಾರ್ಕ್ ಡಾಕ್ ರೈಲ್ವೆ ಎತ್ತಿಕೊಂಡಿತು. 1983ರಲ್ಲಿ ಡಾಕ್ ಮತ್ತು ವಿಲಿಯಮ್ಸ್‌ಬರ್ಗ್‌ನ ಈಸ್ಟರ್ನ್ ಡಿಸ್ಟ್ರಿಕ್ಟ್ ಎರಡೂ ಮುಗಿದು, ಅವುಗಳ ಸೊತ್ತಿನಲ್ಲಿ ನ್ಯೂಯಾರ್ಕ್ ಕ್ರಾಸ್ ಹಾರ್ಬರ್ ರೈಲ್‌ರೋಡ್ ಎದ್ದಿತು. 2006ರಲ್ಲಿ ಅದು ಕೈ ಬದಲಾಗಿ ನ್ಯೂಯಾರ್ಕ್ ನ್ಯೂಜೆರ್ಸಿ ರೈಲ್ ಆಯಿತು. 2008ರ ನವೆಂಬರ್‌ನಲ್ಲಿ ಪೋರ್ಟ್ ಅಥಾರಿಟಿ ಅದನ್ನು 1.6 ಕೋಟಿ ಡಾಲರಿಗೆ ಕೊಂಡಿತು.

ಯಜಮಾನರು ಬದಲಾದರು. ದಡ ಅದೇ, ಕೆಲಸ ಅದೇ. ವ್ಯಾಗನ್ ಜಗಳದಿಂದ ಹುಟ್ಟಿದ ಪೋರ್ಟ್ ಅಥಾರಿಟಿ 87 ವರ್ಷದ ಮೇಲೆ ಕೊನೆಗೂ ವ್ಯಾಗನ್ ದಾಟಿಸುವ ಕೆಲಸಕ್ಕೆ ತಾನೇ ಕೈ ಹಾಕಿತು.

ವ್ಯಾಗನ್ ಹತ್ತಿಸುವಾಗ ಬಾರ್ಜ್ ಮಗುಚಿಕೊಳ್ಳಲ್ವಾ?

ಅಜಾಗರೂಕತೆ ಮಾಡಿದರೆ ಮಗುಚುತ್ತದೆ. ಹಿಂದೆ ಮಗುಚಿದ್ದೂ ಉಂಟು. ಅದಕ್ಕೇ ಈ ಕೆಲಸಕ್ಕೆ ಕೈ ಪಳಗಿರಬೇಕು.

ಮೊದಲ ತೊಂದರೆ ಉಬ್ಬರ ಇಳಿತ. ನ್ಯೂಯಾರ್ಕ್ ಬಂದರಿನಲ್ಲಿ ನೀರು ದಿನಕ್ಕೆ ಎರಡು ಸಲ ಸುಮಾರು ಒಂದೂವರೆ ಮೀಟರ್ ಏರಿಳಿಯುತ್ತದೆ. ನೆಲದ ಹಳಿ ಅಲ್ಲಾಡುವುದಿಲ್ಲ, ಬಾರ್ಜಿನ ಹಳಿ ಏರಿಳಿಯುತ್ತದೆ. ಎರಡನ್ನೂ ಕೂಡಿಸಲು ನಡುವೆ ಒಂದು ತೂಗುವ ಸೇತುವೆ ಇರುತ್ತದೆ. ಅದರ ಒಂದು ತುದಿಗೆ ದಡದಲ್ಲಿ ಬಾಗಿಲಿನ ಕೀಲಿನ ಹಾಗೆ ಕೀಲು. ಇನ್ನೊಂದು ತುದಿಯನ್ನು ನೀರಿನ ಮೇಲೆ ತೇಲುವ ಡಬ್ಬಿಯ ಮೇಲೆ ಕೂರಿಸುತ್ತಾರೆ, ಇಲ್ಲವೇ ಎತ್ತರದ ಕಂಬಗಳಿಂದ ನೇತು ಹಾಕುತ್ತಾರೆ. ಬಾರ್ಜ್ ಬಂದು ಮೂಗು ತಾಗಿಸಿದಾಗ ಎರಡರ ಹಳಿಯೂ ಕೂದಲೆಳೆ ತಪ್ಪದಂತೆ ಕೂಡಿಸಿ, ದಪ್ಪ ಕಬ್ಬಿಣದ ಗೂಟ ಹೊಡೆದು ಬಿಗಿಯುತ್ತಾರೆ.

ಎರಡನೆಯದು ಭಾರ. ಎಂಜಿನ್ ಬಾರ್ಜಿನ ಮೇಲೆ ಹೋಗುವುದಿಲ್ಲ, ಅದು ತೀರಾ ಭಾರ. ಎಂಜಿನ್ನಿಗೂ ವ್ಯಾಗನ್‌ಗೂ ನಡುವೆ ಎರಡು ಮೂರು ಖಾಲಿ ಚಪ್ಪಟೆ ವ್ಯಾಗನ್ ಸಿಕ್ಕಿಸುತ್ತಾರೆ. ಉದ್ದನೆಯ ಕೋಲಿನಿಂದ ತಳ್ಳಿದ ಹಾಗೆ, ಎಂಜಿನ್ ದಡದಲ್ಲೇ ನಿಂತು ತಳ್ಳುತ್ತದೆ, ಎಳೆಯುತ್ತದೆ.

ಮೂರನೆಯದೇ ಜಾಣತನದ್ದು. ಬಾರ್ಜಿನ ಮೇಲೆ ಪಕ್ಕಪಕ್ಕ ಹಳಿಗಳು. ಎಡದ ಹಳಿಯನ್ನೇ ಪೂರ್ತಿ ತುಂಬಿದರೆ ಬಾರ್ಜ್ ಎಡಕ್ಕೆ ವಾಲುತ್ತದೆ, ಹಳಿ ತಿರುಚುತ್ತದೆ, ವ್ಯಾಗನ್ ಹಳಿ ಬಿಡುತ್ತದೆ. ಹಾಗಾಗಿ ಎಡಕ್ಕೆ ಒಂದಿಷ್ಟು, ಬಲಕ್ಕೆ ಒಂದಿಷ್ಟು, ಮತ್ತೆ ಎಡಕ್ಕೆ. ಇಳಿಸುವಾಗಲೂ ಹಾಗೇ. ಹೊಳೆ ದಾಟುವ ದೋಣಿಯಲ್ಲಿ ಅಂಬಿಗ "ನೀವು ಆ ಕಡೆ ಕೂತ್ಕೊಳ್ಳಿ, ನೀವು ಈ ಕಡೆ ಬನ್ನಿ" ಅಂತ ಜನರನ್ನು ಕೂರಿಸುತ್ತಾನಲ್ಲ, ಥೇಟ್ ಅದೇ. ಒಂದೇ ವ್ಯತ್ಯಾಸ, ಇಲ್ಲಿ ಒಬ್ಬೊಬ್ಬ ಪ್ರಯಾಣಿಕನ ತೂಕ ನೂರು ಟನ್ನಿನ ಆಸುಪಾಸು. ಯಾವ ವ್ಯಾಗನ್ ತುಂಬಿದೆ, ಯಾವುದು ಖಾಲಿ ಅನ್ನುವ ಪಟ್ಟಿ ಶಂಟಿಂಗ್ ಮಾಡುವವರ ಕೈಯಲ್ಲಿ ಇರಲೇಬೇಕು. ತುಂಬಿದ ಮೇಲೆ ಬ್ರೇಕ್ ಬಿಗಿದು, ಗಾಲಿಗೆ ಅಡ್ಡ ಇಟ್ಟು, ಸರಪಳಿ ಹಾಕುತ್ತಾರೆ. ಈಗಿನ ಹೊಸ ಬಾರ್ಜ್ ಒಂದು ಸಲಕ್ಕೆ 18 ವ್ಯಾಗನ್ ಒಯ್ಯುತ್ತದೆ.

ಎಂಜಿನ್ ಯಾವ ಕಂಪನಿಯದ್ದು? ನಮ್ಮ ಕಡೆ ಇರೋ ಥರದ್ದೇನಾ?

ದೂರದ ನೆಂಟಸ್ತಿಕೆ ಇದೆ. ಉಗಿ ಹೋದ ಮೇಲೆ ವಿಲಿಯಮ್ಸ್‌ಬರ್ಗ್‌ನವರು ಆಲ್ಕೋ ಕಂಪನಿಯ ಎಸ್-1 ಡೀಸೆಲ್ ಎಂಜಿನ್‌ಗಳನ್ನು ತಂದರು. ಅವುಗಳಲ್ಲಿ ಕೆಲವು ಕ್ರಾಸ್ ಹಾರ್ಬರ್ ಕಾಲದಲ್ಲೂ ದುಡಿದವು. ನಮ್ಮ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ ಕೂಡ ಆಲ್ಕೋ ವಿನ್ಯಾಸದ್ದೇ. ಬೆಂಗಳೂರಿನ ಕೃಷ್ಣರಾಜಪುರ ಡೀಸೆಲ್ ಶೆಡ್ಡಿನ ಆ ಕರಿ ಹೊಗೆ, ಗಡಗಡ ಸದ್ದು ಕೇಳಿ ಬೆಳೆದವರಿಗೆ ಬ್ರೂಕ್ಲಿನ್‌ನ ಎಂಜಿನ್ ಸದ್ದು ಪೂರ್ತಿ ಪರಕೀಯ ಅನ್ನಿಸುವುದಿಲ್ಲ. ಎಸ್-1 ಗಾತ್ರದಲ್ಲಿ ಬಹಳ ಸಣ್ಣದು, ಬೀದಿಯ ಬಿಗಿ ತಿರುವಿಗೆ ಹೇಳಿ ಮಾಡಿಸಿದ್ದು.

ಬೀದಿಯಲ್ಲೇ ರೈಲು ಓಡುತ್ತಂತಲ್ಲ, ಜನ ಕಾರು ನಿಲ್ಲಿಸಿಬಿಟ್ರೆ?

ನಿಲ್ಲಿಸುತ್ತಾರೆ. ಬ್ರೂಕ್ಲಿನ್‌ನ ಸನ್‌ಸೆಟ್ ಪಾರ್ಕ್ ಬಡಾವಣೆಯ ಫಸ್ಟ್ ಅವೆನ್ಯೂದಲ್ಲಿ ಹಳಿ ಡಾಂಬರು ರಸ್ತೆಯಲ್ಲೇ ಹೂತಿದೆ. ಲಾರಿ, ಕಾರು, ರೈಲು ಮೂರಕ್ಕೂ ಅದೇ ದಾರಿ. ಅಡ್ಡ ಸಿಕ್ಕಿದರೆ ಹಾರ್ನ್ ಹೊಡೆದು ಕಾಯಬೇಕು, ಓನರ್ ಎಲ್ಲಿ ಅಂತ ಹುಡುಕಬೇಕು. ಈ ವಿಷಯದಲ್ಲಿ ನ್ಯೂಯಾರ್ಕ್ ನಮ್ಮ ಚಿಕ್ಕಪೇಟೆಗಿಂತ ಹೆಚ್ಚೇನಲ್ಲ.

'ಸೆಲ್ಕರ್ಕ್ ಅಡ್ಡಿ' ಅಂತ ಎಲ್ಲೋ ಓದಿದೆ. ಅದೇನು?

ದೋಣಿ ಬೇಡ, ಹಳಿಯ ಮೇಲೇ ಬ್ರೂಕ್ಲಿನ್‌ಗೆ ಬರುತ್ತೇನೆ ಅಂದರೆ ದಾರಿ ಇದೆ. ಆದರೆ ಹಡ್ಸನ್ ನದಿಯುದ್ದಕ್ಕೂ ಸುಮಾರು 225 ಕಿಲೋಮೀಟರ್ ಉತ್ತರಕ್ಕೆ, ಆಲ್ಬನಿ ಹತ್ತಿರದ ಸೆಲ್ಕರ್ಕ್‌ವರೆಗೆ ಹೋಗಬೇಕು. ಅಲ್ಲಿ ಸೇತುವೆ ದಾಟಿ ಮತ್ತೆ ಅಷ್ಟೇ ದೂರ ಕೆಳಗೆ ಬರಬೇಕು. ಕಣ್ಣಿಗೆ ಕಾಣುವ ಎದುರು ದಡಕ್ಕೆ 450 ಕಿಲೋಮೀಟರ್ ಸುತ್ತು. ಬೆಂಗಳೂರಿನಿಂದ ಹುಬ್ಬಳ್ಳಿ ಮುಟ್ಟಿ ಇನ್ನೂ ಸ್ವಲ್ಪ ಮುಂದೆ ಹೋದ ಹಾಗೆ.

ನಡುವೆ ಪೊಕಿಪ್ಸಿಯಲ್ಲಿ ಒಂದು ರೈಲು ಸೇತುವೆ ಇತ್ತು. 1974ರ ಮೇ 8ರಂದು ಅದಕ್ಕೆ ಬೆಂಕಿ ಬಿತ್ತು. ದಿವಾಳಿಯಾಗಿದ್ದ ಪೆನ್ ಸೆಂಟ್ರಲ್ ಅದನ್ನು ರಿಪೇರಿ ಮಾಡಿಸಲಿಲ್ಲ. ಈಗ ಅದರ ಮೇಲೆ ಜನ ವಾಕಿಂಗ್ ಹೋಗುತ್ತಾರೆ. ಸೆಲ್ಕರ್ಕ್ ಸುತ್ತು ಇಷ್ಟು ದೊಡ್ಡದಾಗಿರುವುದರಿಂದಲೇ ಈ ಹಳೇ ಕಾಲದ ದೋಣಿ ಇನ್ನೂ ಅನ್ನ ತಿನ್ನುತ್ತಿದೆ.

ಹಾಗಾದ್ರೆ ಸುರಂಗ ಯಾವಾಗ ಬರುತ್ತೆ?

ನಗಬೇಡಿ. ಪೋರ್ಟ್ ಅಥಾರಿಟಿ ಹುಟ್ಟಿದಾಗಲೇ ಬಂದರಿನ ಅಡಿಯಲ್ಲಿ ಗೂಡ್ಸ್ ಸುರಂಗ ಅದರ ಯೋಜನೆಯಲ್ಲಿತ್ತು. ನಡುವೆ ಅದು ಸೇತುವೆ, ರಸ್ತೆ ಸುರಂಗಗಳ ಕಡೆ ತಿರುಗಿತು. ಅಲ್ಲಿ ಟೋಲ್ ಬರುತ್ತದೆ, ವ್ಯಾಗನ್ ಯಾವ ಟೋಲ್ ಕೊಡುತ್ತದೆ? ಮ್ಯಾನ್‌ಹಟನ್‌ನ ಸಂಸದ ಜೆರಾಲ್ಡ್ ನ್ಯಾಡ್ಲರ್ ದಶಕಗಳ ಕಾಲ ಈ ಸುರಂಗದ ಬೆನ್ನು ಬಿಡಲಿಲ್ಲ. 2015ರಲ್ಲಿ ಪರಿಸರ ಪರಿಣಾಮದ ಮೊದಲ ಹಂತದ ವರದಿ ಮುಗಿದು, ಸುರಂಗ ಮತ್ತು ಸುಧಾರಿಸಿದ ದೋಣಿ ಎರಡನ್ನೂ ಮುಂದಿನ ಪರಿಶೀಲನೆಗೆ ಉಳಿಸಿಕೊಂಡರು. ಅಗೆತ ಶುರುವಾಗಿಲ್ಲ.

ನನ್ನ ಅನಿಸಿಕೆ ಕೇಳಿದರೆ, ದೋಣಿ ಬದುಕಿರುವುದೇ ಸುರಂಗಕ್ಕೆ ಒಂದು ಅಡ್ಡಿ. ಹೇಗೋ ನಡೀತಿದೆಯಲ್ಲ ಅನ್ನುವ ಮಾತಿಗಿಂತ ದೊಡ್ಡ ತಡೆ ಯಾವ ಕಚೇರಿಯಲ್ಲೂ ಇಲ್ಲ. ಬ್ರೂಕ್ಲಿನ್‌ನ 65ನೇ ಬೀದಿಯ ಯಾರ್ಡನ್ನೇ ನೋಡಿ. 1999ರಲ್ಲಿ ಹೊಸದಾಗಿ ಕಟ್ಟಿ, 2012ರವರೆಗೆ ಸುಮ್ನೆ ಬಿಟ್ಟಿದ್ದರು. ಅದೇ 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಬಂದು ಎದುರು ದಡದ ಗ್ರೀನ್‌ವಿಲ್‌ನ ಹಳೇ ತೂಗುಸೇತುವೆಗಳನ್ನು ಮುರಿದು ಹಾಕಿತು. ಆಗಲಾದರೂ ಸುರಂಗದ ಮಾತು ಬರಬಹುದು ಅಂದುಕೊಂಡೆ. ಹೊಸ ಬಾರ್ಜ್ ಬಂದವು, ಹೊಸ ತೂಗುಸೇತುವೆ ಬಂತು.

ನಮ್ಮ ದೇಶದಲ್ಲಿ ಇಂಥದ್ದು ಇತ್ತಾ?

ಇತ್ತು. ಅಸ್ಸಾಮಿನ ಅಮೀನ್‌ಗಾಂವ್ ಮತ್ತು ಪಾಂಡು ನಡುವೆ ಬ್ರಹ್ಮಪುತ್ರಾ ದಾಟಲು ವ್ಯಾಗನ್ ಒಯ್ಯುವ ಫೆರಿ ಇತ್ತು. 1962ರಲ್ಲಿ ಸರಾಯ್‌ಘಾಟ್ ಸೇತುವೆ ಬಂದ ಮೇಲೆ ಅದರ ಕೆಲಸ ಮುಗಿಯಿತು. ಬಂದರಿನ ಒಳಗಿನ ಪುಟ್ಟ ರೈಲ್ವೆ ಬೇಕಂದರೆ ಮುಂಬೈ ಪೋರ್ಟ್ ಟ್ರಸ್ಟ್‌ನದ್ದು. 1915ರಿಂದ ಬಲ್ಲಾರ್ಡ್ ಪಿಯರ್ ಮತ್ತು ವಡಾಲಾ ನಡುವೆ ಅದರದೇ ಹಳಿ, ಅದರದೇ ಎಂಜಿನ್ ಇದ್ದವು.

ಇದರ ಉಲ್ಟಾ ನೋಡಬೇಕಾದರೆ ನಮ್ಮ ಸುರತ್ಕಲ್‌ಗೆ ಹೋಗಿ. ಕೊಂಕಣ ರೈಲ್ವೆ 1999ರಲ್ಲಿ ಶುರು ಮಾಡಿದ ರೋ-ರೋದಲ್ಲಿ ಲಾರಿಗಳು ಡ್ರೈವರ್ ಸಮೇತ ರೈಲು ಹತ್ತಿ ಬರುತ್ತವೆ. ಅಲ್ಲಿ ರೈಲಿಗೆ ದೋಣಿಯ ಸವಾರಿ, ಇಲ್ಲಿ ಲಾರಿಗೆ ರೈಲಿನ ಸವಾರಿ.

ನಾನು ಜರ್ಸಿ ಸಿಟಿಯಲ್ಲೇ ಇದ್ದೀನಿ. ಶನಿವಾರ ಮಕ್ಕಳನ್ನ ಕರ್ಕೊಂಡು ಹೋಗಿ ನೋಡಬಹುದಾ?

ಯಾರ್ಡಿನೊಳಗೆ ಬಿಡುವುದಿಲ್ಲ, ಗ್ರೀನ್‌ವಿಲ್ ಕಡೆಯಿಂದ ಏನೂ ಕಾಣುವುದೂ ಇಲ್ಲ. ಬ್ರೂಕ್ಲಿನ್‌ಗೆ ಬನ್ನಿ. ನಗರದ ಫೆರಿ ಹತ್ತಿ ಸನ್‌ಸೆಟ್ ಪಾರ್ಕ್ ಕಟ್ಟೆಯಲ್ಲಿ ಇಳಿದರೆ ಆರ್ಮಿ ಟರ್ಮಿನಲ್ ಎದುರಿಗೇ ಇದೆ. ಅಲ್ಲಿಂದ ಫಸ್ಟ್ ಅವೆನ್ಯೂ ಹಿಡಿದು ಉತ್ತರಕ್ಕೆ ನಡೆದರೆ ಕಾಲಡಿಯಲ್ಲೇ ಹಳಿ. ಬುಷ್‌ನ ಹಳೇ ಕಟ್ಟಡಗಳು ಈಗ ಇಂಡಸ್ಟ್ರಿ ಸಿಟಿ ಆಗಿವೆ. ತಿನ್ನಲು ಕುಡಿಯಲು ಬೇಕಾದ್ದು ಸಿಗುತ್ತದೆ, ಬೆಲೆ ಕೇಳಿ ತಲೆ ತಿರುಗಬಾರದು ಅಷ್ಟೇ. ನೀರಂಚಿನಲ್ಲಿ ಬುಷ್ ಟರ್ಮಿನಲ್ ಪಿಯರ್ಸ್ ಪಾರ್ಕ್ ಇದೆ, 2014ರಲ್ಲಿ ತೆರೆದದ್ದು.

ಹಳೇ ತೂಗುಸೇತುವೆಯ ಕಂಬಗಳನ್ನು ಹತ್ತಿರದಿಂದ ನೋಡಬೇಕಾದರೆ ಕ್ವೀನ್ಸ್‌ನ ಗ್ಯಾಂಟ್ರಿ ಪ್ಲಾಜಾ ಪಾರ್ಕ್. 'ಲಾಂಗ್ ಐಲೆಂಡ್' ಅಂತ ದೊಡ್ಡ ಅಕ್ಷರದಲ್ಲಿ ಬರೆದ ಎರಡು ಕರಿ ಕಮಾನುಗಳ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಅವು ವ್ಯಾಗನ್ ಹತ್ತಿಸುತ್ತಿದ್ದವು ಅಂತ ಮಕ್ಕಳಿಗೆ ನೀವೇ ಹೇಳಬೇಕು.

ಬಾರ್ಜ್ ದಾಟುವುದನ್ನೇ ನೋಡಬೇಕು ಅಂದರೆ ತಾಳ್ಮೆ ಬೇಕು. ಅದಕ್ಕೆ ಬಸ್ಸಿನ ಹಾಗೆ ಟೈಮ್ ಇಲ್ಲ, ವ್ಯಾಗನ್ ಕೂಡಿದಾಗ ಹೊರಡುತ್ತದೆ. ಬುತ್ತಿ ಕಟ್ಟಿಕೊಂಡು ಹೋಗಿ, ಪಾರ್ಕಿನಲ್ಲಿ ಕೂತು ಸ್ಟ್ಯಾಚ್ಯೂ ಆಫ್ ಲಿಬರ್ಟಿ ಕಡೆಗೆ ಕಣ್ಣಿಡಿ. ನೀರಿನ ಮೇಲೆ ನಿಧಾನಕ್ಕೆ ಒಂದು ಗೂಡ್ಸ್ ಗಾಡಿ ಬರುವುದು ಕಂಡರೆ ಮೊದಲು ಟಗ್ ಎಲ್ಲಿದೆ ಅಂತ ಹುಡುಕಿ. ವ್ಯಾಗನ್‌ಗಳ ಮರೆಯಲ್ಲಿ ಇರುತ್ತದೆ.